ನೀವು ಕೇಳಿದ ಪ್ರಶ್ನೆಗಳಿಗೆ ಉತ್ತರ
ಬಿಜ್ಜರಗಿಯ ಪೋಷಕರಿಗೊಂದು ಬಹಿರಂಗ ಪತ್ರ

ಬಿಜ್ಜರಗಿ ಊರಿನ, ಸುತ್ತಲಿನ ತೋಟದ ವಸ್ತಿಗಳ ತಾಯಂದಿರೇ, ತಂದೆಯರೇ, ಮೊಮ್ಮಕ್ಕಳ ಕೈ ಹಿಡಿದು ಸಾಲಿಯ ಗೇಟಿನ ತನಕ ಬರುವ ಅಜ್ಜ-ಅಜ್ಜಿಯರೇ,



ಈ ದಸರಾ ಸೂಟಿಯಲ್ಲಿ ನಿಮ್ಮ ಮಕ್ಕಳ ಅಕ್ಕೋರಾದ ನಾನು ನಿಮ್ಮ ಹೊಸ್ತಿಲಿಗೆ ಬಂದದ್ದು ನೆನಪಿರಬೇಕು. ಸರಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಬಂದಿದ್ದೆ. 2025ರ ಸೆಪ್ಟೆಂಬರ್ 22ಕ್ಕೆ ಶುರುವಾಗಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದದ್ದು ಮುಗಿಯಲಿಲ್ಲ. ಸೂಟಿಯನ್ನೇ 18ರ ತನಕ ಎಳೆಯಬೇಕಾಯಿತು. ಮಳೆ ಹಿಡಿದಿತ್ತು. ವಸ್ತಿಯಿಂದ ವಸ್ತಿಗೆ ನಡೆಯುವಾಗ ಎರಿ ಮಣ್ಣು ಮೆತ್ತಿ ಚಪ್ಪಲಿ ಎತ್ತಲಿಕ್ಕೆ ಆಗುತ್ತಿರಲಿಲ್ಲ. ಬಾಗಿಲಿಗೆ ಅಂಟಿಸಿದ ಚೀಟಿಯ ನಂಬರು ಹುಡುಕುವುದು, ಆಧಾರ್ ಕೇಳುವುದು, ನಿಮ್ಮ ಮೊಬೈಲಿಗೆ ಬಂದ ಓಟಿಪಿ ಕೇಳುವುದು, ಆಮೇಲೆ 60 ಪ್ರಶ್ನೆ. ಜಾತಿ, ಕುಲಕಸುಬು, ಹೊಲ, ಸಾಲ, ದನಕರು, ಮನೆಯಲ್ಲಿ ಯಾರು ಎಷ್ಟನೇತ್ತದ ತನಕ ಓದಿದ್ದಾರೆ. ನೆಟ್‌ವರ್ಕ್ ಸಿಗದೆ ನಾನು ಮಾಳಿಗೆ ಹತ್ತಿ ನಿಂತರೆ ನೀವು ಕೆಳಗೆ ಚಹಾ ಆರದ ಹಾಗೆ ಮುಚ್ಚಿಟ್ಟು ಕಾದಿರಿ. ಆ ಋಣ ನನ್ನ ಮೇಲಿದೆ.

ಅಷ್ಟು ಕೇಳಿದವಳಿಗೆ ನೀವೂ ಕೆಲವು ಪ್ರಶ್ನೆ ಕೇಳಿದಿರಿ. ನಾನು ಮೊಬೈಲಿನಿಂದ ಮುಖ ಎತ್ತದೆ "ಹೇಳ್ತೀನ್ರಿ, ಸಾಲಿ ಶುರು ಆಗ್ಲಿ" ಅಂದು ಮುಂದಿನ ಮನೆಗೆ ಹೋದೆ. ಸಾಲಿ ಶುರುವಾಯಿತು, ದೀಪಾವಳಿ ಮುಗಿಯಿತು, ಉತ್ತರ ಮಾತ್ರ ನನ್ನಲ್ಲೇ ಉಳಿಯಿತು. ಬಾಯಿ ಮಾತಿನಲ್ಲಿ ಹೇಳಿದರೆ ಅರ್ಧ ನುಂಗಿಬಿಡುತ್ತೇನೆ ಅನ್ನಿಸಿ ಬರೆಯುತ್ತಿದ್ದೇನೆ. ಓದಲು ಬಾರದವರಿಗೆ ಮಕ್ಕಳು ಓದಿ ಹೇಳಲಿ. ಐದನೇತ್ತದ ಮೇಲಿನವರು ತಡವರಿಸದೆ ಓದಬೇಕು.

ಮೊದಲನೆಯದನ್ನು ಕೇಳಿದ್ದು ಒಬ್ಬ ಆಯಿ. "ಅಕ್ಕೋರ, ಕಲಸೂದು ಬಿಟ್ಟು ನೀವ್ಯಾಕ ಹಿಂಗ ಓಣಿ ಓಣಿ ತಿರಗಾಕತ್ತೀರಿ? ಹಿಂದಕೂ ಒಮ್ಮೆ ಬಂದಿದ್ರಿ." ಹೌದು, ಬಂದಿದ್ದೆ. 2015ರ ಏಪ್ರಿಲ್ ಬಿಸಿಲಿನಲ್ಲಿ, ಇಂಥದ್ದೇ ಸಮೀಕ್ಷೆಗೆ, ಅದೇ ಕಟ್ಟೆಯ ಮೇಲೆ ಕೂತಿದ್ದೆ. ಈ ವರ್ಷ ಮೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ಸಮೀಕ್ಷೆಗೂ ಮಾಸ್ತರರೇ ಮನೆಮನೆ ತಿರುಗಿದರು. ನಡುವೆ ಮತದಾರರ ಪಟ್ಟಿ ಬರುತ್ತದೆ, ಚುನಾವಣೆ ಬರುತ್ತದೆ, ಮುಂದೆ ಜನಗಣತಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಶಿಕ್ಷಕರನ್ನು ಪಾಠದ ಹೊರಗಿನ ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ. ಬಿಟ್ಟುಕೊಟ್ಟದ್ದು ಮೂರಕ್ಕೆ ಮಾತ್ರ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಈ ಮೂರಕ್ಕೆ ನಾನು ಬೇಡ ಅನ್ನುವುದಿಲ್ಲ. ದೇಶಕ್ಕೆ ಲೆಕ್ಕ ಬೇಕು, ಓಟಿನ ಪೆಟ್ಟಿಗೆ ಕಾಯಲು ನಂಬುಗೆಯ ಮಂದಿ ಬೇಕು. ಮೂರಕ್ಕೆ ನಿಲ್ಲುವುದಿಲ್ಲವಲ್ಲ ಅನ್ನುವುದೇ ನನ್ನ ಸಂಕಟ.

ಹಾಗಂತ ನಿಮ್ಮ ಮನೆಗೆ ಬಂದದ್ದು ನನಗೆ ಬೇಸರವಾಗಲಿಲ್ಲ. ಹನ್ನೊಂದು ವರ್ಷದಿಂದ ಈ ಊರಿನಲ್ಲಿ ಕಲಿಸುತ್ತಿದ್ದೇನೆ. ಕ್ಲಾಸಿನಲ್ಲಿ ದಿನಾ ತೂಕಡಿಸುವ ಹುಡುಗ ಎಷ್ಟು ದೂರದ ವಸ್ತಿಯಿಂದ ನಡೆದು ಬರುತ್ತಾನೆ ಅಂತ ಆ ಹಾದಿ ತುಳಿದ ಮೇಲೆ ತಿಳಿಯಿತು. ಅವನನ್ನು ಎಷ್ಟು ಸಲ ಎಬ್ಬಿಸಿ ನಿಲ್ಲಿಸಿದ್ದೇನೋ. ಈಗ ಮೊದಲ ಪಿರಿಯಡ್ಡಿನಲ್ಲಿ ಅವನನ್ನು ಹಾಡಲಿಕ್ಕೆ ನಿಲ್ಲಿಸುತ್ತೇನೆ, ನಿದ್ದೆ ತಾನಾಗಿ ಹಾರುತ್ತದೆ.

ನನ್ನನ್ನು ತಿನ್ನುವುದು ಸಮೀಕ್ಷೆಯ ಆ ಇಪ್ಪತ್ತೇಳು ದಿನಗಳಿಗಿಂತ ಹೆಚ್ಚಾಗಿ ಉಳಿದ ದಿನಗಳು. ಸಾಲಿ ತೆರೆದಿರುತ್ತದೆ, ನಾನು ಒಳಗಿರುತ್ತೇನೆ, ಮಕ್ಕಳೂ ಇರುತ್ತಾರೆ, ಆದರೂ ಪಾಠ ಆಗಿರುವುದಿಲ್ಲ. ಒಂದು ಮಂಗಳವಾರದ ಮಾತು ಹೇಳುತ್ತೇನೆ. ಪ್ರಾರ್ಥನೆ ಮುಗಿದು ಹಾಲು ಹಂಚಿದೆವು. ಹಾಜರಿ ಆನ್‌ಲೈನ್ ಹಾಕಬೇಕು, ಸಿಗ್ನಲ್ ಇಲ್ಲ, ಗೇಟಿನ ಹತ್ತಿರ ಹೋಗಿ ನಿಂತೆ. ತಿರುಗಿ ಬಂದು ನಾಲ್ಕನೇತ್ತಕ್ಕೆ ಭಾಗಾಕಾರ ಶುರು ಮಾಡಿದೆ. 47 ಪೇರಲ ಹಣ್ಣು, ಐದು ಮಂದಿ. ಬೋರ್ಡಿನ ಮೇಲೆ ಒಂಬತ್ತು ಅಂತ ಬರೆಯುವ ಹೊತ್ತಿಗೆ ಅಕ್ಕಿಯ ಗಾಡಿ ಬಂತು. ಚೀಲ ಎಣಿಸಿ ಸಹಿ ಮಾಡಿದೆ. ಮೊಟ್ಟೆ ಎಣಿಸಿ ಫೋಟೋ ತೆಗೆದೆ. ಅಷ್ಟರಲ್ಲಿ ಫೋನು: ತುರ್ತು ಮಾಹಿತಿ, ಹನ್ನೆರಡರೊಳಗೆ ಕಳಿಸಬೇಕು, ಯಾವ ಮಗುವಿಗೆ ಬ್ಯಾಂಕ್ ಖಾತೆ ಇದೆ, ಯಾವ ಮಗುವಿಗೆ ಆಧಾರ್ ಜೋಡಣೆ ಆಗಿಲ್ಲ. ಹೋದ ವಾರ ಕಳಿಸಿದ ಅದೇ ಮಾಹಿತಿ, ಬೇರೆ ನಮೂನೆಯಲ್ಲಿ. ನಾನು ಮರಳಿ ಕ್ಲಾಸಿಗೆ ಬಂದಾಗ ಒಬ್ಬ ಹುಡುಗಿ ಪಾಟಿ ಹಿಡಿದು ನಿಂತೇ ಇದ್ದಳು. "ಅಕ್ಕೋರ, ಉಳದ ಎರಡು ಹಣ್ಣು ಯಾರಿಗ್ರಿ?" ಊಟದ ಗಂಟೆ ಹೊಡೆಯಿತು.

ಮೊಟ್ಟೆ ಬೇಡ ಅಂತ ಇದರ ಅರ್ಥ ಅಲ್ಲ. ಮೊಟ್ಟೆಗೆ ಎಲ್ಲೆಲ್ಲಿಯೋ ವಾದ ನಡೆಯುತ್ತಿದ್ದಾಗ 2021ರ ಡಿಸೆಂಬರಿನಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಒಂದು. ಈಗ ವಾರಕ್ಕೆ ಆರು ದಿನ ಕೊಡುತ್ತೇವೆ. ಮಕ್ಕಳ ಮುಖದಲ್ಲಿ ಆದ ಬದಲಾವಣೆ ನನಗೆ ಕಣ್ಣಿಗೆ ಕಾಣುತ್ತದೆ. ತಿನ್ನದ ಮಕ್ಕಳು ಬಾಳೆಹಣ್ಣು ತಿನ್ನಲಿ, ಯಾರನ್ನೂ ಒತ್ತಾಯ ಮಾಡುವುದಿಲ್ಲ. ನನ್ನ ಮಾತು ಇಷ್ಟೇ: ಎಣಿಸುವವರು, ಫೋಟೋ ತೆಗೆಯುವವರು, ನಮೂನೆ ತುಂಬುವವರು ಒಬ್ಬರು ಬೇರೆ ಬೇಕು. ಪ್ರತಿ ಸರಕಾರಿ ಸಾಲಿಗೆ ಒಬ್ಬ ಗುಮಾಸ್ತನನ್ನು ಕೊಟ್ಟರೆ ನನ್ನ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ತಾಸು ಪಾಠ ಅಂತ ಬರೆದಿದೆ. ಆರರಿಂದ ಎಂಟಕ್ಕೆ 220 ದಿನ, 1,000 ತಾಸು. ದಿನಗಳ ಲೆಕ್ಕ ಪ್ರತಿ ವರ್ಷ ಹೊಂದುತ್ತದೆ. ತಾಸುಗಳನ್ನು ಯಾರೂ ಎಣಿಸುವುದಿಲ್ಲ.

ಎರಡನೆಯ ಪ್ರಶ್ನೆ: "ಪಗಾರ ಎಷ್ಟ ಬರತೈತ್ರಿ?" ಕೇಳಿದವರು ಸಂಕೋಚಪಟ್ಟರು, ಪಡಬೇಕಾಗಿರಲಿಲ್ಲ. ಸರಕಾರ ಕೊಡುವ ಪಗಾರ, ಕೇಳುವ ಹಕ್ಕು ನಿಮಗಿದೆ. ನನ್ನ ಮನೆ ನಡೆಯುವಷ್ಟು ಬರುತ್ತದೆ. ನಾನು 2007ರಲ್ಲಿ ಸೇರಿದವಳು. 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಆ ಚಿಂತೆ ಇದೆ. ಆದರೆ ನನಗೆ ತಲೆ ತಗ್ಗಿಸುವ ಹಾಗೆ ಆಗುವುದು ಪಕ್ಕದ ಕೋಣೆಯ ಅತಿಥಿ ಶಿಕ್ಷಕಿಯನ್ನು ನೋಡಿದಾಗ. ಅದೇ ಬಸ್ಸು, ಅದೇ ಹಾಜರಿ, ಅದೇ ಗಣಿತ. ಹೋದ ವರ್ಷದ ತನಕ ತಿಂಗಳಿಗೆ 10,000 ರೂಪಾಯಿ, ಈ ವರ್ಷ 12,000. ಅದೂ ತಿಂಗಳು ತಿಂಗಳು ಕೈಗೆ ಸೇರುವುದಿಲ್ಲ, ಸೂಟಿಯಲ್ಲಿ ಬರುವುದೇ ಇಲ್ಲ. ದ್ರಾಕ್ಷಿ ಕಟಾವಿಗೆ ಹೋದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ ಅಂತ ಆಕೆಯ ತಾಯಿ ಹೇಳುತ್ತಾಳಂತೆ. ಆಕೆ ಬಿಟ್ಟು ಹೋದರೆ ಎರಡು ತರಗತಿ ಮತ್ತೆ ಒಂದೇ ಕೋಣೆಗೆ ಬರುತ್ತವೆ. ನೀವು ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಕೇಳುತ್ತೀರಿ. ಕಾಯಂ ಶಿಕ್ಷಕರನ್ನೂ ಕೇಳಿರಿ, ಅಷ್ಟೇ ಜೋರಾಗಿ.

ಮೂರನೆಯದಕ್ಕೆ ಉತ್ತರಿಸುವುದು ಕಷ್ಟ. ಹೊನವಾಡ ಕಡೆಯ ಒಂದು ವಸ್ತಿಯಲ್ಲಿ ಒಬ್ಬ ತಂದೆ, ಯಾವ ಕೊಂಕೂ ಇಲ್ಲದೆ, ತಿಳಿದುಕೊಳ್ಳಬೇಕು ಅಂತಲೇ ಕೇಳಿದರು: "ನಿಮ್ಮ ಮಗನ್ನ ಯಾವ ಸಾಲಿಗೆ ಹಾಕೀರಿ ಅಕ್ಕೋರ?"

ವಿಜಯಪುರದಲ್ಲಿ, ಖಾಸಗಿ ಇಂಗ್ಲಿಷ್ ಮೀಡಿಯಂ ಸಾಲಿಗೆ.

ಅವನಿಗೆ ಆರು ತುಂಬಿದಾಗ ನನ್ನ ಜೊತೆ ಬಸ್ಸಿನಲ್ಲಿ ಇಲ್ಲಿಗೇ ಕರೆತರಬೇಕು ಅಂತ ಮನಸ್ಸಿತ್ತು. ಮನೆಯಲ್ಲಿ ಮಾತು ಬೆಳೆಯಿತು. ದಿನಾ ತಿಕೋಟಾ ದಾಟಿ ಹೋಗಿ ಬರುವಷ್ಟರಲ್ಲಿ ಮಗು ಸೋತು ಹೋಗುತ್ತದೆ ಅಂದರು. ನಾಳೆ ನಿನಗೆ ವರ್ಗ ಆದರೆ ಏನು ಅಂದರು. ಕಾಲೇಜಿಗೆ ಹೋದಾಗ ಇಂಗ್ಲಿಷ್ ಬಾರದೆ ಕೂತರೆ ಅಂದರು. ಒಂದೊಂದು ಮಾತಿನಲ್ಲೂ ಸ್ವಲ್ಪ ಸತ್ಯವಿತ್ತು, ನಾನು ಗಟ್ಟಿಯಾಗಿ ನಿಲ್ಲಲಿಲ್ಲ. ಇವತ್ತು ಅವನು ಎಂಟನೇತ್ತದಲ್ಲಿದ್ದಾನೆ. ನಿಮ್ಮ ಐದನೇತ್ತದ ಹುಡುಗಿ ಕನ್ನಡ ಪತ್ರಿಕೆಯ ಒಂದು ಕಾಲಮ್ಮು ಓದಿ ಮುಗಿಸುವ ಹೊತ್ತಿನಲ್ಲಿ ಅವನು ಅರ್ಧ ಓದುತ್ತಾನೆ, ಒತ್ತಕ್ಷರ ಬಂದಲ್ಲಿ ನಿಲ್ಲುತ್ತಾನೆ. ನಿಮ್ಮ ಮಕ್ಕಳಿಗೆ ಅಕ್ಷರ ತಿದ್ದಿಸುವ ಈ ಕೈಗೆ ಅವನಿಗೆ ತಿದ್ದಿಸಲು ಹೊತ್ತು ಸಾಲಲಿಲ್ಲ. ಇದನ್ನು ನಿಮ್ಮ ಮುಂದೆ ಮುಚ್ಚಿಟ್ಟುಕೊಂಡು ಸರಕಾರಿ ಸಾಲಿ ನಂಬಿರಿ ಅಂತ ಹೇಳಲಾರೆ. ನಂಬಿರಿ ಅಂತಲೇ ಹೇಳುತ್ತೇನೆ, ಆದರೆ ಇದನ್ನು ತಿಳಿದುಕೊಂಡು ನಂಬಿರಿ. ನಿಮ್ಮ ಮಗು ತನ್ನ ಮಾತಿನಲ್ಲೇ ಲೆಕ್ಕ ಕಲಿಯುತ್ತಿದೆ, ಪ್ರಶ್ನೆ ಕೇಳುತ್ತಿದೆ. ಉಳಿದ ಎರಡು ಹಣ್ಣು ಯಾರಿಗೆ ಅಂತ ಕೇಳುವ ಧೈರ್ಯ ತನ್ನ ಮಾತಿನಲ್ಲಿ ಕಲಿತ ಮಗುವಿಗೆ ಬೇಗ ಬರುತ್ತದೆ. ಎರಡು ಕಡೆಯನ್ನೂ ಕಂಡ ತಾಯಿಯಾಗಿ ಈ ಮಾತು ಹೇಳುತ್ತಿದ್ದೇನೆ.

ಮನೆಯ ಮಾತು ಬಂತು, ಇನ್ನೊಂದಿಷ್ಟು ಹೇಳಿಬಿಡುತ್ತೇನೆ. ತಾಯಂದಿರು ಓದುತ್ತೀರಿ ಅಂತ ಧೈರ್ಯ. ನಾಲ್ಕೂವರೆಗೆ ಏಳುತ್ತೇನೆ. ರೊಟ್ಟಿ ಬಡಿದು, ಪಲ್ಯ ಮಾಡಿ, ನೀರು ಬಿಡುವ ದಿನವಾದರೆ ನೀರು ತುಂಬಿ, ಅತ್ತೆಯವರ ಗುಳಿಗೆ ಎಣಿಸಿಟ್ಟು ಬಸ್ಸು ಹಿಡಿಯುತ್ತೇನೆ. ಸಂಜೆ ಮನೆ ಮುಟ್ಟಿದರೆ ಮತ್ತೆ ಒಲೆ. "ನಿಮಗೇನ್ ಬಿಡ್ರಿ, ವರ್ಷದಾಗ ಎಷ್ಟೊಂದು ಸೂಟಿ" ಅಂತ ಬಂಧುಗಳು ಅಂದಾಗ ಈ ದಸರಾ ನೆನಪಾಗುತ್ತದೆ. ಬನ್ನಿ ಕೊಡಲಿಕ್ಕೆ ಬಂದವರಿಗೆ ನನ್ನ ಮಗ ಬಾಗಿಲಲ್ಲಿ ನಿಂತು "ಅವ್ವ ಸರ್ವೇಕ್ಕ ಹೋಗ್ಯಾಳ" ಅಂತ ಹೇಳಿ ಕಳಿಸಿದ. ರಾತ್ರಿ ಹತ್ತಾದರೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂದೇಶ: "ಇಂದೇ ಸಲ್ಲಿಸಿ." ಮಗ ಏನೋ ಹೇಳುತ್ತಿರುತ್ತಾನೆ, ನಾನು ಹೂಂ ಹೂಂ ಅನ್ನುತ್ತ ಫೋನು ನೋಡುತ್ತಿರುತ್ತೇನೆ. ನೀವು ದ್ರಾಕ್ಷಿ ತೋಟದಿಂದ ಬಂದು ಸೋತು ಕೂತಾಗ ಮಗು ಪಾಟಿ ತಂದು ತೋರಿಸಿದರೆ ಹೀಗೇ ಹೂಂ ಅನ್ನುತ್ತೀರಲ್ಲ, ಅದು ನನಗೆ ಗೊತ್ತು.

ಈಗ ಇದೆಲ್ಲದರ ಜೊತೆಗೆ ನಾನೇ ಪರೀಕ್ಷೆ ಬರೆಯಬೇಕಾಗಿದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು, ಇಲ್ಲವಾದರೆ ನೌಕರಿ ಬಿಡಬೇಕು. ನಾನು ಸೇರಿದಾಗ ಆ ಪರೀಕ್ಷೆಯೇ ಇರಲಿಲ್ಲ. ಓದಲಿಕ್ಕೆ ನನಗೆ ಹೆದರಿಕೆ ಇಲ್ಲ. ಕಲಿಸುವವರು ಕಲಿಯುತ್ತಿರಬೇಕು ಅನ್ನುವುದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಹದಿನೆಂಟು ವರ್ಷ ಕಲಿಸಿದ್ದನ್ನು ಒಂದು ಪರೀಕ್ಷೆ ಅಳಿಸಬಹುದು ಅನ್ನುವುದು ನ್ಯಾಯ ಅಂತ ನನಗೆ ಕಾಣುವುದಿಲ್ಲ. ರಾತ್ರಿ ಊಟದ ಮೇಲೆ ಒಂದೇ ಮೇಜಿಗೆ ನಾನೂ ಮಗನೂ ಕೂಡುತ್ತೇವೆ. ಅವನು ನನಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಾನೆ, ನಾನು ಅವನಿಗೆ ಒತ್ತಕ್ಷರ. ಎಷ್ಟೋ ವರ್ಷದ ಮೇಲೆ ನಮ್ಮಿಬ್ಬರಿಗೆ ದಿನಾ ಒಂದು ತಾಸು ಸಿಕ್ಕಿದೆ.

ನೀವು ಕೇಳಿದ್ದು ಇಷ್ಟು. ಇನ್ನು ನಾನು ಕೇಳದೆ ಬಂದದ್ದು.

ಒಂದು ಮನೆ. ಯಾರದು ಅಂತ ಹೇಳುವುದಿಲ್ಲ. ಅಂಥ ಮನೆ ಒಂದೇ ಇದ್ದಿದ್ದರೆ ಈ ಪತ್ರ ಬೇಕಾಗುತ್ತಿರಲಿಲ್ಲ. ಪಡಸಾಲೆಯ ಗೋಡೆಗೆ ನಾವೆಲ್ಲ ಅಪ್ಪಗಳು ಅನ್ನುವ ಸಿದ್ಧೇಶ್ವರ ಸ್ವಾಮಿಗಳ ಫೋಟೋ, ಅದಕ್ಕೆ ಅವತ್ತಿನ ಹೂವು. ಅದರ ಕೆಳಗೆ ಏಳನೇತ್ತದ ಹುಡುಗಿ, ಸೊಂಟದ ಮೇಲೆ ಎರಡು ವರ್ಷದ ತಮ್ಮ. ಜೂನಿನಲ್ಲಿ ಮುಂದಿನ ಸಾಲಿನಲ್ಲಿ ಕೂತವಳು, ಆಗಸ್ಟಿನ ಮೇಲೆ ವಾರಕ್ಕೆ ಒಂದು ದಿನ, ಎರಡು ದಿನ ಬಂದವಳು. ಹುಡುಗಿ ಓದುತ್ತಿದ್ದಾಳೋ ಇಲ್ಲವೋ ಅನ್ನುವ ಪ್ರಶ್ನೆ ಬಂತು. ತಾಯಿ ಹೇಳಿದರು, "ಓದಾಕತ್ತಾಳ್ರಿ." ನಾನು ಹುಡುಗಿಯ ಕಡೆ ನೋಡಿದೆ, ಅವಳು ತಮ್ಮನ ಕಡೆ ನೋಡಿದಳು. ಓದುತ್ತಿದ್ದಾಳೆ ಅಂತಲೇ ಒತ್ತಿದೆ. ಹೆಸರು ನನ್ನ ಹಾಜರಿ ಪುಸ್ತಕದಲ್ಲಿ ಇದೆ, ಬೇರೆ ಏನು ಒತ್ತಲಿ? ಹೀಗೆ ರಾಜ್ಯದ ಲೆಕ್ಕದಲ್ಲಿ ಅವಳು ಓದುತ್ತಿದ್ದಾಳೆ.

ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಒಣ ಸೀಮೆಯ ಕಡೆ ಹರಿಯಿತು, ದ್ರಾಕ್ಷಿ ತೋಟಗಳು ಬೆಳೆದವು. ಅದರಿಂದ ನಿಮ್ಮ ಮನೆಗಳಿಗೆ ಬಂದ ಚೇತರಿಕೆ ನನಗೂ ಸಂತೋಷ. ಆದರೆ ತೋಟ ಬೆಳೆದಂತೆ ಕೆಲಸವೂ ಬೆಳೆಯಿತು. ಅಕ್ಟೋಬರಿನಲ್ಲಿ ಬಳ್ಳಿ ಸವರುವ ಚಾಟಣಿ, ಚಾಟಣಿ ಆದ ಮೇಲೆ ಬಳ್ಳಿಯ ಕಣ್ಣಿಗೆ ಪೇಸ್ಟ್ ಹಚ್ಚುವುದು, ಚಿಗುರು ತೆಗೆಯುವುದು, ಗೊಂಚಲು ಅದ್ದುವುದು, ಫೆಬ್ರುವರಿ-ಮಾರ್ಚಿಗೆ ಕಟಾವು, ಒಣದ್ರಾಕ್ಷಿ ಶೆಡ್ಡು. ತಾಯಿ ಕೂಲಿಗೆ ಹೋದರೆ ಸಣ್ಣ ಮಗು ಯಾರ ಕೈಗೆ? ದೊಡ್ಡ ಹುಡುಗಿಯ ಕೈಗೆ. ಕೈ ಸಾಲದಿದ್ದರೆ ದೊಡ್ಡ ಹುಡುಗಿಯೇ ತೋಟಕ್ಕೆ. ಒಂದು ಮಾತು ಕಡ್ಡಾಯವಾಗಿ ಕೇಳಿರಿ: ಬಳ್ಳಿಯ ಕಣ್ಣಿಗೆ ಹಚ್ಚುವ ಹೈಡ್ರೋಜನ್ ಸೈನಮೈಡ್ ವಿಷ. ಚರ್ಮ ಸುಡುತ್ತದೆ, ಉಸಿರಿಗೆ ಹೋದರೆ ಅಪಾಯ. ಕೈಗವಸು ಇಲ್ಲದೆ ದೊಡ್ಡವರೂ ಮುಟ್ಟಬಾರದು, ಮಕ್ಕಳಂತೂ ಆ ಸಾಲಿನಲ್ಲಿ ನಿಲ್ಲಲೇಬಾರದು. ಬೆರಳ ಸಿಪ್ಪೆ ಎದ್ದು ಪೆನ್ಸಿಲ್ ಹಿಡಿಯಲಾರದ ಕೈ ನಾನು ಕಂಡಿದ್ದೇನೆ. ಕಬ್ಬು ಕಡಿಯಲು ಸಾಂಗ್ಲಿ, ಕೊಲ್ಲಾಪುರದ ಕಡೆ ಗುಳೆ ಹೋಗುವವರ ಮಕ್ಕಳದು ಇನ್ನೊಂದು ಕಥೆ. ಹೋಗುವ ಮುಂಚೆ ಒಂದು ಮಾತು ಹೇಳಿ ಹೋಗಿರಿ, ಅಜ್ಜಿಯ ಹತ್ತಿರ ಬಿಟ್ಟು ಹೋಗಲು ಆದೀತೇ ಅಂತ ಕೂಡಿ ನೋಡೋಣ.

ಅಪ್ಪಗಳ ಫೋಟೋದ ಮಾತು ಮತ್ತೆ ಎತ್ತುತ್ತೇನೆ, ಅದು ನನ್ನನ್ನು ಬಿಡುತ್ತಿಲ್ಲ. ಈ ಊರಿನಲ್ಲಿ ಹುಟ್ಟಿದ ಒಬ್ಬ ಹುಡುಗ ಕೊಲ್ಲಾಪುರದ ತನಕ ಹೋಗಿ ತತ್ವಶಾಸ್ತ್ರದಲ್ಲಿ ಎಂ.ಎ. ಓದಿದರು. ಜೇಬಿಲ್ಲದ ಅಂಗಿ ತೊಟ್ಟು ಬಾಳಿದರು, 2018ರಲ್ಲಿ ಪದ್ಮಶ್ರೀ ಬಂದಾಗ ಬೇಡ ಅಂದರು. ಅವರು ಲಿಂಗೈಕ್ಯರಾದ 2023ರ ಜನವರಿ 2ರ ರಾತ್ರಿ ವಿಜಯಪುರದ ಜ್ಞಾನಯೋಗಾಶ್ರಮದ ಕಡೆ ಹೊರಟ ಜನರಲ್ಲಿ ನೀವೂ ಇದ್ದಿರಿ, ನಾನೂ ಇದ್ದೆ. ಸಾವಿರ ಸಾವಿರ ಮಂದಿ ಬೆಳಗಿನ ಚಳಿಯಲ್ಲಿ ಸದ್ದು ಮಾಡದೆ ಕೂತು ಅವರ ಪ್ರವಚನ ಕೇಳುತ್ತಿದ್ದದ್ದನ್ನು ನಾವೆಲ್ಲ ಕಂಡಿದ್ದೇವೆ. ಒಂದು ತಾಸು ಯಾರೂ ಎದ್ದು ಹೋಗುತ್ತಿರಲಿಲ್ಲ, ಯಾರೂ ನಡುವೆ ಕರೆಯುತ್ತಿರಲಿಲ್ಲ. ನಿಮ್ಮ ಮಕ್ಕಳಿಗೆ ಅಂಥ ಹೊತ್ತು ಬೇಕು ಅಂತ ಕೇಳುತ್ತಿದ್ದೇನೆ.

ದಿನಕ್ಕೆ ಎರಡು ತಾಸು, ಊಟದ ಗಂಟೆಯ ಮುಂಚಿನವು. ಆ ಎರಡು ತಾಸಿನಲ್ಲಿ ಯಾವ ಶಿಕ್ಷಕರೂ ಫೋನು ಎತ್ತುವುದಿಲ್ಲ, ನಮೂನೆ ತುಂಬುವುದಿಲ್ಲ, ಅಕ್ಕಿ ಬಂದರೂ ಗಾಡಿ ನಿಲ್ಲುತ್ತದೆ. ಇದನ್ನು ನಾನು ಹೇಳಿದರೆ ಅವಿಧೇಯತೆ ಆಗುತ್ತದೆ. ನೀವು ಹೇಳಿದರೆ ಠರಾವು ಆಗುತ್ತದೆ. ಸಾಲಿಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಅಂತ ಅದೇ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ನಮ್ಮಲ್ಲೂ ಹೆಸರಿಗೆ ಇದ್ದೀರಿ. ಸಭೆಗೆ ಬರುವವರು ಮಾತ್ರ ನಿಮ್ಮ ಗಂಡಂದಿರು. ಕೂತು, ಚಹಾ ಕುಡಿದು, ನಿಮ್ಮ ಹೆಸರಿನ ಮುಂದೆ ಸಹಿ ಹಾಕಿ ಹೋಗುತ್ತಾರೆ. ತಾಯಂದಿರೇ, ಮುಂದಿನ ಸಭೆಗೆ ನೀವೇ ಬರಬೇಕು. ಕೂಲಿ ತಪ್ಪದ ಹಾಗೆ ಸಂಜೆ ಐದೂವರೆಗೆ ಇಡಿಸುತ್ತೇನೆ, ನನ್ನ ಬಸ್ಸು ತಪ್ಪಿದರೂ ಚಿಂತೆಯಿಲ್ಲ. ಹೆಬ್ಬೆಟ್ಟು ಒತ್ತಿದರೂ ಅದು ನಿಮ್ಮದೇ ಇರಲಿ.

ನಿಮ್ಮ ಕಡೆಯಿಂದಲೂ ಅದೇ ಎರಡು ತಾಸು ಕೇಳುತ್ತೇನೆ. ಚಾಟಣಿ ಇರಲಿ, ಕಟಾವು ಇರಲಿ, ಆ ಹೊತ್ತಿನಲ್ಲಿ ಹುಡುಗಿ ಸಾಲಿಯಲ್ಲಿರಲಿ. ಇಡೀ ದಿನ ಕಳಿಸಬೇಕಾದದ್ದೇ ಧರ್ಮ, ಕಾಯ್ದೆಯೂ ಹೌದು. ಆದರೆ ನಿಮ್ಮ ಮನೆಯೊಳಗೆ ಕೂತು ಎದ್ದು ಬಂದ ಮೇಲೆ ನನಗೆ ಬರೀ ಕಾಯ್ದೆ ಓದಿ ಹೇಳಲು ಬಾಯಿ ಬರುತ್ತಿಲ್ಲ. ಎರಡು ತಾಸಿನಿಂದ ಶುರು ಮಾಡೋಣ. ಉಳಿದದ್ದನ್ನು ಅವಳೇ ಬಂದು ಕೇಳುತ್ತಾಳೆ.

ಏಳನೇತ್ತದ ಆ ಹುಡುಗಿಯ ತಾಯಿಗೆ ಒಂದು ಮಾತು. ತಮ್ಮನನ್ನು ಬಿಟ್ಟು ಬರಲು ಆಗದಿದ್ದರೆ ಕರೆದುಕೊಂಡೇ ಬರಲಿ. ಅತ್ತರೆ ಎತ್ತಿಕೊಳ್ಳಲು ನಾನಿದ್ದೇನೆ, ಅಡುಗೆಯವರಿದ್ದಾರೆ. ಸೋಮವಾರ ಕಳಿಸಿರಿ. ಅವನು ಮಲಗಲಿಕ್ಕೆ ಅಂತ ಮನೆಯಿಂದ ಒಂದು ಕೌದಿ ತಂದು ನನ್ನ ಮೇಜಿನ ಪಕ್ಕ ಇಟ್ಟಿದ್ದೇನೆ.

ಇಂತಿ,
ನಿಮ್ಮ ಮಕ್ಕಳ ಅಕ್ಕೋರು
ನವೆಂಬರ್ 2025